ಎದುರು ಸಾಲಿನ ಬಾಗಿಲುಗಳು

ಲಾರಲ್ ಬೀದಿ, ಕಾರ್ವರ್ಟನ್, ಒಹಾಯೊ
ಡಿಸೆಂಬರ್ 4, 2016, ಭಾನುವಾರ

ನನ್ನ ಬರ್ನಿಸ್,

ನಿನ್ನ ಪತ್ರ ಬಂದು ವಾರವಾಯಿತು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಗಿ, ಅಡುಗೆಮನೆಯ ಕುರ್ಚಿ ಎಳೆದು ಕೂತುಬಿಟ್ಟೆ. ಇಪ್ಪತ್ತು ವರ್ಷದ ಮೇಲಾಯಿತಲ್ಲ ಕಣೇ, ನಿನ್ನ ಕೈಬರಹ ಈ ಮನೆಯೊಳಗೆ ಬಂದು. ಎರಡು ಬೀದಿ ಆಚೆ ಇರುವವಳು ಅಂಚೆಯಲ್ಲಿ ಕಳಿಸಿದ್ದೀಯ. ನಾನೂ ಅಂಚೆಯಲ್ಲೇ ಕಳಿಸುತ್ತಿದ್ದೇನೆ. ನಡೆದುಬಂದು ನಿನ್ನ ಬಾಗಿಲು ತಟ್ಟುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ನೀನು ಬಾಯಿಗೆ ಬಂದಂತೆ ಬೈದಿರುತ್ತೀಯ ಎಂದುಕೊಂಡೇ ಒಡೆದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಿರುಗಿ ಬೈಯುವುದು ನನಗೆ ಚೆನ್ನಾಗಿ ಬರುತ್ತದೆ ಎಂದು ನಿನಗೇ ಗೊತ್ತು. ನೀನು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದ್ದೀಯ. "ಎಮಿಲ್ ಕೊನೇಗೆ ಮಾತಾಡಿದ್ದು ನಿನ್ನ ಹತ್ರ. ಏನಂದ ಹೇಳು, ಫಿಲ್. ಕೆಲಸದಲ್ಲಿ ಎದುರುಬದುರು ನಿಂತು ಹೇಳ್ತಿದ್ಯಲ್ಲ, ಹಾಗೆ ಹೇಳು. ನನಗೆ ಬೇರೇನೂ ಬೇಡ." ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಕೊನೆಯ ಮಾತು ಬೇರೆಯವಳ ಬಾಗಿಲಲ್ಲಿ ಬಿದ್ದುಹೋಯಿತಲ್ಲ ಎಂದು ಬರೆದಿದ್ದೀಯ. ಅದನ್ನು ಓದಿ ನಾನು ಒಲೆ ಆರಿಸಿ ಹೊರಗೆ ಹೋಗಿ ನಿಂತೆ.

ಅವನಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ ಇತ್ತು, ಊರಿಗೆ ತಿಳಿಯದ ಹಾಗೆ ನೋಡಿಕೊಂಡೆ ಎಂದೂ ಬರೆದಿದ್ದೀಯ. ಯೂನಿಯನ್ ಅಧ್ಯಕ್ಷನಾಗಿದ್ದವನನ್ನು ಜನ ಅಯ್ಯೋ ಪಾಪ ಎನ್ನುವುದನ್ನು ನೋಡಲಾರೆ ಎಂದು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಿಮ್ಮ ಸ್ಲೊವಾಕರ ಚರ್ಚನ್ನೂ ನಮ್ಮ ಇಟಲಿಯವರ ಚರ್ಚನ್ನೂ ಜನ ಸಾಲದೆ ಒಂದು ಮಾಡಿದ ಮೇಲೆ, ಪ್ರತಿ ಭಾನುವಾರ ನೀವಿಬ್ಬರೂ ಕೈಕೈ ಹಿಡಿದು ಬರುವುದನ್ನು ಹಿಂದಿನ ಬೆಂಚಿನಿಂದ ನೋಡುತ್ತಿದ್ದೆ. ಮುದುಕರಾದ ಮೇಲೆ ಪ್ರೇಮ ಉಕ್ಕಿ ಹರಿಯುತ್ತಿದೆ ನೋಡು ಎಂದು ಮೂಗು ಮುರಿಯುತ್ತಿದ್ದೆ. ಅವನು ದಾರಿ ತಪ್ಪದಿರಲಿ ಎಂದು ನೀನು ಹಿಡಿದಿದ್ದೆ ಎನ್ನುವುದು ಈಗ ತಿಳಿಯಿತು.

ಹೇಳುತ್ತೇನೆ ಬರ್ನಿಸ್, ಕೇಳಿದ್ದನ್ನು ಹೇಳುತ್ತೇನೆ. ಆದರೆ ನೆಟ್ಟಗೆ ಅಲ್ಲಿಗೇ ಹೋಗಲು ನನ್ನಿಂದ ಆಗುವುದಿಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದಾಳೆ ಎಂದು ಸಿಡುಕಬೇಡ.

ಇವತ್ತಿಗೂ ನನಗೆ ಕನಸು ಬಿದ್ದರೆ ವೈರಿಂಗ್ ಫ್ಯಾಕ್ಟರಿಯದ್ದೇ ಬೀಳುತ್ತದೆ. ಹಲಗೆ ನಮ್ಮಿಬ್ಬರ ನಡುವೆ ಮೆಲ್ಲಗೆ ಸರಿಯುತ್ತಿರುತ್ತದೆ. ನಾನು ಮೊಳೆಗಳ ನಡುವೆ ಕಾರಿನ ವೈರುಗಳನ್ನು ಹಾಸುತ್ತೇನೆ, ನೀನು ಎದುರಿಗೆ ನಿಂತು ಟೇಪು ಸುತ್ತುತ್ತೀಯ. ಕೈಗೆ ಅದರ ಪಾಡಿಗೆ ಅದಕ್ಕೆ ಕೆಲಸ, ಬಾಯಿಗೆ ಅದರ ಪಾಡಿಗೆ ಅದಕ್ಕೆ. ಗಂಡಂದಿರ ಗೊರಕೆಯಿಂದ ಹಿಡಿದು ಪಾದ್ರಿಯ ಸುಳ್ಳು ಕೂದಲಿನವರೆಗೆ ಮಾತಾಡದ ವಿಷಯವಿಲ್ಲ. ನನ್ನ ಗರ್ಭ ಇಳಿದುಹೋದದ್ದನ್ನು ಕಾರ್ಮೈನ್‌ಗೆ ಹೇಳುವ ಮೊದಲು ಆ ಹಲಗೆಯ ಮೇಲೆ ಬಗ್ಗಿಕೊಂಡು ನಿನಗೆ ಹೇಳಿದೆ. ನೀನು ಒಂದು ಕೈಯಲ್ಲಿ ಟೇಪು ಸುತ್ತುತ್ತಲೇ ಇನ್ನೊಂದು ಕೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡೆ. ಮೇಸ್ತ್ರಿ ದೂರದಿಂದ ಕೂಗಿದ, "ಏನಮ್ಮಾ, ಅಲ್ಲೇನು ಸೋಬಾನೆ ನಡೀತಿದ್ಯಾ?" ನೀನು ತಲೆ ಎತ್ತದೆ, "ಹ್ಞೂಂ, ನಿಂಗೆ ಎರಡನೇ ಸಂಬಂಧ ನೋಡ್ತಿದೀವಿ, ಸುಮ್ನಿರು" ಅಂದೆ.

ನಮ್ಮ ಗಂಡಂದಿರೂ ಹಾಗೆಯೇ ಅಂಟಿಕೊಂಡಿದ್ದರಲ್ಲ. ಎಮಿಲ್ ಯೂನಿಯನ್ ಅಧ್ಯಕ್ಷ, ನನ್ನ ಕಾರ್ಮೈನ್ ಅವನ ಬಾಲ. ಚುನಾವಣೆ ಬಂತೆಂದರೆ ಇಬ್ಬರಿಗೂ ಹಬ್ಬ. ಮನೆಮನೆ ಪ್ರಚಾರಕ್ಕೆ ನಮ್ಮ ಯೂನಿಯನ್ನಿನವರು ಜೋಡಿಯಾಗಿ ಹೋಗುವುದು, ಒಬ್ಬ ಬೀದಿಯ ಈ ಸಾಲು, ಇನ್ನೊಬ್ಬ ಆ ಸಾಲು. ತನ್ನ ಮನೆ ಇರುವ ಸಾಲನ್ನು ಮಾತ್ರ ಯಾರೂ ತಾನೇ ತಟ್ಟುವಂತಿಲ್ಲ. ಪಕ್ಕದ ಮನೆಯವರು ದಾಕ್ಷಿಣ್ಯಕ್ಕೆ ಹ್ಞೂಂ ಅನ್ನುತ್ತಾರೆ, ಒಳಗೆ ಹೋಗಿ ಬೇರೆಯವನಿಗೆ ಒತ್ತುತ್ತಾರೆ ಎನ್ನುವುದು ಎಮಿಲ್‌ನ ಲೆಕ್ಕಾಚಾರ. ಹಾಗಾಗಿ ಲಾರಲ್ ಬೀದಿಯಲ್ಲಿ ನಮ್ಮ ಸಾಲು ಎಮಿಲ್‌ಗೆ, ಎದುರು ಸಾಲು ಕಾರ್ಮೈನ್‌ಗೆ. ಶನಿವಾರ ಬೆಳಿಗ್ಗೆ ಎಮಿಲ್ ಬಂದು ನಮ್ಮ ಬಾಗಿಲು ತಟ್ಟುತ್ತಿದ್ದ. "ಫಿಲ್, ಎದ್ದಿದಾನಾ ನಿನ್ನ ರಾಜಕುಮಾರ? ಮಲಗಿದ್ರೆ ಒದ್ದು ಎಬ್ಸು." ಕಾರ್ಮೈನ್ ಬೂಟು ಹಾಕಿಕೊಳ್ಳುವವರೆಗೆ ಅವನು ಮೆಟ್ಟಿಲ ಮೇಲೆ ಕೂತು ನನ್ನ ಕಾಫಿಯನ್ನು ಹೀಗಳೆಯುತ್ತಾ ಕುಡಿಯುತ್ತಿದ್ದ.

ತೊಂಬತ್ತೆರಡರ ಆ ಚುನಾವಣೆಯಲ್ಲಿ ಅವರು ಹೆಗಲ ಮೇಲೆ ಹೊತ್ತು ತಿರುಗಿದ್ದು ಹೆರಾಲ್ಡ್ ವಿಟ್ಕಂಬ್‌ನನ್ನು. ನಮ್ಮ ಕಡೆಯಿಂದ ವಾಷಿಂಗ್ಟನ್ನಿಗೆ ಹೋಗುವ ಸೀಟಿಗೆ ನಿಂತವನು. ಮೆಕ್ಸಿಕೋ ಜೊತೆ ಮುಕ್ತ ವ್ಯಾಪಾರದ ಒಪ್ಪಂದ ಬರುತ್ತಿದೆ, ಬಂದರೆ ಫ್ಯಾಕ್ಟರಿ ಉಳಿಯುವುದಿಲ್ಲ ಎಂದು ಎಲ್ಲರಿಗೂ ನಡುಕ. ವಿಟ್ಕಂಬ್ ಯೂನಿಯನ್ ಹಾಲಿಗೆ ಬಂದು, ನೀನು ಮಾಡಿದ ಆಲೂಗಡ್ಡೆ ಕಡುಬನ್ನು ತಟ್ಟೆ ತುಂಬ ತಿಂದು, ಎಮಿಲ್‌ನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ನೆನಪಿದೆಯಾ? "ಮುಕ್ತ ವ್ಯಾಪಾರ ಅಂತಾರೆ, ಮುಕ್ತವಾಗಿ ಹೊರಟು ಹೋಗೋದು ನಿಮ್ಮ ಕೆಲಸ ಒಂದೇ. ಇದಕ್ಕೆ ನನ್ನ ಕೈ ಏಳಲ್ಲ, ಇದು ನನ್ನ ಮಾತು." ನಾನೂ ಚಪ್ಪಾಳೆ ತಟ್ಟಿದವಳೇ.

ಮರುವರ್ಷ ಅದೇ ಕೈ ಎದ್ದಿತು. ಯಾವುದೋ ಸೇತುವೆಗೆ ಹಣ ಕೊಡುತ್ತೇವೆಂದು ಅವನನ್ನು ಒಪ್ಪಿಸಿದರಂತೆ. ಸೇತುವೆ ಬಂತು, ದಾಟುವುದಕ್ಕೆ ಈ ಕಡೆ ಜನ ಉಳಿಯಲಿಲ್ಲ. ನಮ್ಮ ಕೆಲಸ ಕಲಿತುಕೊಂಡು ಹೋಗಲು ಮೆಕ್ಸಿಕೋದಿಂದ ಬಂದ ಹುಡುಗಿಯರಿಗೆ ವೈರು ಹಾಸುವುದನ್ನು ನಾನು ಕಲಿಸಿದೆ, ಟೇಪು ಸುತ್ತುವುದನ್ನು ನೀನು ಕಲಿಸಿದೆ. ಅಷ್ಟರಲ್ಲಿ ನಾವಿಬ್ಬರೂ ಮಾತು ಬಿಟ್ಟಾಗಿತ್ತು. ನಡುವೆ ಆ ಹುಡುಗಿಯರನ್ನು ನಿಲ್ಲಿಸಿಕೊಂಡು, ಅವರಿಗೆ ಹೇಳುವ ನೆಪದಲ್ಲಿ ಒಬ್ಬರಿಗೊಬ್ಬರು ಚುಚ್ಚುತ್ತಿದ್ದೆವು. ಪಾಪ, ಅವಕ್ಕೆ ನಮ್ಮ ಭಾಷೆಯೂ ಬರುತ್ತಿರಲಿಲ್ಲ, ನಮ್ಮ ಜಗಳವೂ ತಿಳಿಯುತ್ತಿರಲಿಲ್ಲ.

ಜಗಳ ಶುರುವಾದದ್ದು ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಶುಕ್ರವಾರ, ಮಾಂಸ ಬಿಟ್ಟು ಉಣ್ಣುವ ಯೂನಿಯನ್ ಹಾಲಿನ ಮೀನೂಟದಲ್ಲಿ. ಮೊದಲ ಪಟ್ಟಿಯಲ್ಲಿ ಕೆಲಸ ಹೋದವರ ಹೆಸರು ಆ ವಾರವೇ ಹಾಕಿದ್ದರು. ಎಮಿಲ್ ಎಂದಿನಂತೆ ಏಪ್ರನ್ ಕಟ್ಟಿಕೊಂಡು ಮೀನು ಬಡಿಸುತ್ತಿದ್ದ. ಕಾರ್ಮೈನ್ ತಟ್ಟೆ ಹಿಡಿದು ನಿಂತು ಇಡೀ ಹಾಲಿಗೆ ಕೇಳುವ ಹಾಗೆ, "ಏನಪ್ಪಾ ಅಧ್ಯಕ್ಷ, ಮೀನು ಫ್ರೆಶ್ಶಾ? ಅಥವಾ ವಿಟ್ಕಂಬ್ ಥರ ಇದಕ್ಕೂ ನೀನೇ ಗ್ಯಾರಂಟಿನಾ?" ಅಂದ. ಜನ ಗೊಳ್ಳೆಂದು ನಕ್ಕರು. ಎಮಿಲ್ ಸೌಟು ಕೆಳಗಿಟ್ಟು, ಏಪ್ರನ್ ಬಿಚ್ಚಿ ಮಡಿಸಿ, ಹಿಂದಿನ ಬಾಗಿಲಿನಿಂದ ಹೋದ. ನೀನು ನನ್ನ ಮುಖ ನೋಡಿದೆ. ನಾನೂ ನಗುತ್ತಿದ್ದೆ.

ಆಮೇಲೆ ಮುಗಿಯಿತಲ್ಲ. ನನ್ನ ಮಗಳು ಜೀನಾಳ ಮದುವೆಗೆ ಊರಿನ ಹೆಂಗಸರೆಲ್ಲ ಬಿಸ್ಕತ್ತು ಸುಟ್ಟು ತಂದು ಮೇಜು ತುಂಬಿಸಿದರು. ನೀನೂ ಅಕ್ರೋಟಿನ ಸುರುಳಿ ಮಾಡಿ ದೊಡ್ಡ ತಟ್ಟೆಯಲ್ಲಿ ಕಳಿಸಿದ್ದೆ. ಕಾರ್ಮೈನ್ ಅದನ್ನು ಬಾಗಿಲಲ್ಲೇ ವಾಪಸು ಕಳಿಸಿದ. ಈ ವಿಷಯ ನಿನಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ: ತಟ್ಟೆ ಹಿಂದಿರುಗುವ ಮೊದಲು ನಾನು ಬಟ್ಟೆ ಸರಿಸಿ ಒಂದಷ್ಟನ್ನು ಜೇಬಿಗೆ ತುಂಬಿಕೊಂಡೆ. ಮದುವಣಗಿತ್ತಿಯ ತಾಯಿ, ಹೊಸ ಗೌನು ಬೇರೆ. ಬಚ್ಚಲಲ್ಲಿ ಕದ ಹಾಕಿಕೊಂಡು ತಿಂದೆ.

ಕಾರ್ಮೈನ್ ಹಾಗೇಕೆ ಮಾಡಿದ ಎಂದು ಅವನು ಬದುಕಿರುವವರೆಗೆ ನಾನು ಯೋಚಿಸಲಿಲ್ಲ. ಈಗ ಮನೆಯಲ್ಲಿ ಒಬ್ಬಳೇ, ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತಿದೆ. ಎದುರು ಸಾಲಿನ ಅಷ್ಟೂ ಬಾಗಿಲು ತಟ್ಟಿ ವಿಟ್ಕಂಬ್ ಹೆಸರು ಹೇಳಿದ ಬಾಯಿ ಕಾರ್ಮೈನ್‌ನದೇ ತಾನೇ? ಆ ಮನೆಗಳವರು ಒಬ್ಬೊಬ್ಬರಾಗಿ ಸಾಮಾನು ಕಟ್ಟಿಕೊಂಡು ಟೆಕ್ಸಸ್‌ಗೋ ಕ್ಯಾರೊಲೈನಾಗೋ ಹೊರಟಾಗ ಅವನು ಪರದೆಯ ಸಂದಿಯಿಂದ ನೋಡುತ್ತಿದ್ದ. ಬೀಳ್ಕೊಡಲು ಹೊರಗೆ ಬರುತ್ತಿರಲಿಲ್ಲ. ಆಮೇಲೆ ಊಟಕ್ಕೆ ಕೂತು ಎಮಿಲ್‌ನನ್ನು ಬೈಯುತ್ತಿದ್ದ. ತನ್ನ ಮೇಲಿನ ಸಿಟ್ಟನ್ನು ಎಲ್ಲಿಯಾದರೂ ಇಳಿಸಬೇಕಿತ್ತು. ಎಮಿಲ್ ಒಂದು ದಿನವಾದರೂ ತಿರುಗಿ, "ನೀನೂ ಜೊತೇಲಿದ್ಯಲ್ಲೋ" ಎಂದು ಕೇಳಲಿಲ್ಲ. ಕೇಳಿದ್ದರೆ ಕಾರ್ಮೈನ್ ಅವನನ್ನು ತಬ್ಬಿಕೊಂಡು ಅತ್ತುಬಿಡುತ್ತಿದ್ದನೇನೋ.

ಕಾರ್ಮೈನ್ ಸತ್ತದ್ದು ಮೂರು ವರ್ಷದ ಹಿಂದೆ. ತೋಟದ ಸಾಮಾನಿನ ಅಂಗಡಿಯಲ್ಲಿ ಗೊಬ್ಬರದ ಮೂಟೆ ಎತ್ತುತ್ತಿದ್ದವನು ಅಲ್ಲೇ ಕುಸಿದ. ಮಣ್ಣಿಗೆ ನೀವಿಬ್ಬರೂ ಬರಲಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಸ್ಮಶಾನದ ಗೇಟಿನಾಚೆ ಎಮಿಲ್‌ನ ಹಳೆಯ ಟ್ರಕ್ಕು ಇಂಜಿನ್ ಆರಿಸಿಕೊಂಡು ನಿಂತಿದ್ದನ್ನು ನೋಡಿದ್ದೆ. ಎಲ್ಲರೂ ಹೋದ ಮೇಲೂ ನಿಂತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಇನ್ನು ಈ ವರ್ಷದ್ದು. ಸೆಪ್ಟೆಂಬರಿನಲ್ಲಿ ಡೋವರ್ ಎನ್ನುವವನು ಅದೇ ಸೀಟಿಗೆ ನಿಂತು ನಮ್ಮೂರಿಗೆ ಬಂದ. ಫ್ಯಾಕ್ಟರಿಯ ಹಾಳು ಮೈದಾನದಲ್ಲಿ, ಹಿಂದೆ ನಾವು ಕಾರು ನಿಲ್ಲಿಸುತ್ತಿದ್ದೆವಲ್ಲ, ಅಲ್ಲಿ ಮೇಜು ಹಾಕಿ ನಿಂತು, "ಆ ಒಪ್ಪಂದಾನ ಹರಿದು ಹಾಕ್ತೀನಿ, ಕೆಲಸಾನ ಕಿವಿ ಹಿಡಿದು ವಾಪಸ್ ಕರ್ಕೊಂಡು ಬರ್ತೀನಿ" ಎಂದ. ನಾನು ಹೋಗಿದ್ದೆ. ಗಂಟಲು ಕಟ್ಟುವವರೆಗೆ ಕೂಗಿದೆ. ಅವನನ್ನು ನಂಬಿದೆ ಎಂದುಕೊಳ್ಳಬೇಡ, ಒಮ್ಮೆ ಸುಟ್ಟುಕೊಂಡದ್ದು ಸಾಕು. ಆದರೆ ಇಷ್ಟು ವರ್ಷದಲ್ಲಿ ಆ ಗೇಟಿನ ಮುಂದೆ ನಿಂತು ಕೂಗುವುದಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಬರುವಾಗ ಅವನ ಹೆಸರಿನ ಫಲಕ ತಂದು ಹುಲ್ಲಿನಲ್ಲಿ ನೆಟ್ಟೆ. ನಿಮ್ಮ ಮನೆ ಮುಂದೆ ಯೂನಿಯನ್ ಹೇಳಿದ ಇನ್ನೊಬ್ಬನ ಫಲಕ ಇತ್ತಲ್ಲ, ನಿನಗೆ ಉರಿಯಲಿ ಎಂದೂ ನೆಟ್ಟೆ.

ಚುನಾವಣೆಯ ಹಿಂದಿನ ಶನಿವಾರ. ಟೊಮೆಟೊ ಸಾಸ್ ಕುದಿಯಲು ಇಟ್ಟಿದ್ದೆ. ಬಾಗಿಲು ಬಡಿದ ಸದ್ದು. ತೆರೆದರೆ ಎಮಿಲ್. ನೀಲಿ ಯೂನಿಯನ್ ಜಾಕೆಟ್ಟು, ಕೂದಲು ನೀರು ಹಚ್ಚಿ ಬಾಚಿದ್ದ, ಕೆನ್ನೆ ನುಣ್ಣಗೆ ಬೋಳಿಸಿದ್ದ. ನೀನು ಚರ್ಚಿನಲ್ಲಿ ಕಡುಬು ಮಡಿಸಲು ಹೋಗಿದ್ದಾಗ ಪಕ್ಕದವರ ಕಣ್ಣು ತಪ್ಪಿಸಿ ಹೊರಟದ್ದು, ಗ್ಯಾರೇಜಿನ ಹಳೆಯ ಪೆಟ್ಟಿಗೆ ತೆರೆದಿದ್ದದ್ದು, ಎಲ್ಲ ನಿನ್ನ ಪತ್ರದಿಂದ ತಿಳಿಯಿತು. ಅವನ ಕೈಯಲ್ಲಿ ಕರಪತ್ರದ ಕಟ್ಟಿತ್ತು. ಹಳದಿಯಾಗಿದ್ದವು. ಮೇಲೆ ವಿಟ್ಕಂಬ್‌ನ ಹಲ್ಲುಕಿರಿದ ಮುಖ, ಕೆಳಗೆ "ಒಪ್ಪಂದಕ್ಕೆ ಇಲ್ಲ ಎನ್ನುವವನು" ಎಂಬ ಅಕ್ಷರ.

ಟೋಪಿ ತೆಗೆದು ಹಿಡಿದುಕೊಂಡು, "ಫಿಲ್, ಎದ್ದಿದಾನಾ ನಿನ್ನ ರಾಜಕುಮಾರ? ಬೇಗ ಬರಕ್ಕೆ ಹೇಳು. ಮಧ್ಯಾಹ್ನದೊಳಗೆ ಈ ಬೀದಿ ಮುಗೀಬೇಕು" ಅಂದ.

ಅವನ ಕಣ್ಣು ನೋಡಿದ ಕೂಡಲೇ ತಿಳಿಯಿತು, ಇವನು ಇಲ್ಲಿಲ್ಲ, ಆ ಚುನಾವಣೆಯಲ್ಲೇ ಇದ್ದಾನೆ ಎಂದು. ಸತ್ತವನ ಸುದ್ದಿ ಎತ್ತಲು ನಾಲಿಗೆ ಬರಲಿಲ್ಲ. "ಬೂಟು ಹಾಕ್ಕೊಳ್ತಿದಾನೆ ಕಣೋ, ಕೂತ್ಕೊ" ಅಂದೆ. ಎಂದಿನಂತೆ ಮೆಟ್ಟಿಲ ಮೇಲೆ ಕೂತ. ಕಾಫಿ ತಂದುಕೊಟ್ಟೆ. ಒಂದು ಗುಟುಕು ಕುಡಿದು, "ಇನ್ನೂ ಕಲೀಲಿಲ್ವಲ್ಲ ನೀನು ಕಾಫಿ ಮಾಡೋದನ್ನ" ಎಂದು ನಕ್ಕ. ಬಿಸಿಲಿತ್ತು. ಬೀದಿಯನ್ನು ನೋಡುತ್ತಾ, "ತಡೀತೀವಿ ಫಿಲ್. ಇನ್ನೂ ಏನೂ ಆಗಿಲ್ಲ, ಈಗಲೂ ತಡೀಬಹುದು" ಎಂದ. ಆಮೇಲೆ, "ಕಾರ್ಮೈನ್‌ಗೆ ಬೇಗ ಬರಕ್ಕೆ ಹೇಳು, ಊಟಕ್ಕೆ ಲೇಟಾದ್ರೆ ಬರ್ನಿಸ್ ಕಾಯ್ತಾ ಕೂತಿರ್ತಾಳೆ" ಎಂದ.

ಅದೇ ಬರ್ನಿಸ್, ಅವನು ಕೊನೆಗೆ ಹೇಳಿದ್ದು. ನಿನ್ನ ಹೆಸರು.

ನಾನು ನಿನಗೆ ಫೋನು ಮಾಡಲು ಒಳಗೆ ಹೋದೆ. ಒಂದು ಕಾಲಕ್ಕೆ ನಿದ್ದೆಯಲ್ಲೂ ಹೇಳುತ್ತಿದ್ದ ನಿನ್ನ ನಂಬರು ನೆನಪಾಗಲಿಲ್ಲ. ಹುಡುಕಿಕೊಂಡು ಬರುವಷ್ಟರಲ್ಲಿ ಅವನು ಬೀದಿ ದಾಟಿ ಹೋಗಿ, ಎದುರು ಸಾಲಿನ ಕೊನೆಯ ಮನೆಯ ಮೆಟ್ಟಿಲ ಮೇಲೆ ಒರಗಿ ಕೂತಿದ್ದ. ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆಂಬುಲೆನ್ಸಿನವರು ಬಂದಾಗ ಮುಖದಲ್ಲಿ ನೋವು ಕಾಣಲಿಲ್ಲ, ಅದು ಮಾತ್ರ ಸತ್ಯ. ಯಾರೂ ಇಲ್ಲದ ಮನೆಗಳ ಬಾಗಿಲಿಗೆಲ್ಲ ಕರಪತ್ರ ಯಾಕೆ ಸಿಕ್ಕಿಸಿದ್ದ ಎಂದು ಪೊಲೀಸಿನವರು ನಿನ್ನನ್ನು ಕೇಳಿದರಂತೆ. ನನ್ನನ್ನೂ ಕೇಳಿದರು. ನನಗೆ ತಿಳಿಯದು ಎಂದೆ.

ಮಂಗಳವಾರ ಹೋಗಿ ವೋಟು ಹಾಕಿ ಬಂದೆ. ಡೋವರ್‌ಗೇ ಹಾಕಿದೆ. ನಿನಗೆ ಹೇಸಿಗೆ ಅನಿಸಬಹುದು. ನನ್ನೊಳಗಿದ್ದದ್ದನ್ನು ಹಾಕುವುದಕ್ಕೆ ಬೇರೆ ಯಾವ ಜಾಗವೂ ಕಾಣಲಿಲ್ಲ. ಅವನು ಗೆದ್ದ, ಊರಲ್ಲಿ ಕಾರುಗಳು ಹಾರ್ನ್ ಬಾರಿಸಿದವು. ಮರುದಿನ ಫಲಕ ಕಿತ್ತು ಕಸಕ್ಕೆ ಹಾಕಿದೆ. ಎಮಿಲ್‌ನ ಮಣ್ಣಿಗೆ ಬಂದಿದ್ದೆ, ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದುಹೋದೆ. ನೀನು ಕಪ್ಪು ಕೋಟಿನಲ್ಲಿ ಅಷ್ಟು ಸಣ್ಣಗೆ ಕಂಡೆ. ಪಕ್ಕದಲ್ಲಿ ಬಂದು ನಿನ್ನ ಮೊಣಕೈ ಹಿಡಿದುಕೊಳ್ಳಬೇಕಿತ್ತು.

ಸರಿಯಾಗಿ ಊಟ ಮಾಡು. ಒಬ್ಬಳಿಗೇ ಎಂದು ಒಲೆ ಹಚ್ಚದೆ ಇರಬೇಡ, ಮೊದಲ ಚಳಿಗಾಲದಲ್ಲಿ ನಾನು ಹಾಗೆ ಮಾಡಿ ಹಾಳಾದೆ. ಕ್ರಿಸ್‌ಮಸ್ಸಿಗೆ ಮಗ ಬರುತ್ತಾನೆಂದು ಕೇಳಿದೆ, ಬರಲಿ. ನಿನಗೆ ಬೇಕೆನಿಸಿದರೆ ನನಗೆ ಇನ್ನೊಂದು ಪತ್ರ ಬರೆ. ಬೇಡವೆನಿಸಿದರೂ ನಾನು ದೂರುವುದಿಲ್ಲ.

ಹಲಗೆಯ ಈಚೆ ನಿಂತು ಇಂದಿಗೂ ನಿನ್ನನ್ನೇ ನೋಡುತ್ತಿರುವ,
ಫಿಲೋಮಿನಾ

ತಾ.ಕ.: ಇದನ್ನು ಲಕೋಟೆಗೆ ಹಾಕಿ ಅಂಟಿಸಿ, ಕೋಟು ಹಾಕಿಕೊಂಡು ಅಂಚೆ ಪೆಟ್ಟಿಗೆಯವರೆಗೂ ಹೋಗಿದ್ದೆ. ವಾಪಸು ತಂದು ಒಡೆದೆ. ಎದುರುಬದುರು ನಿಂತು ಹೇಳುವ ಹಾಗೆ ಹೇಳು ಎಂದು ನೀನು ಕೇಳಿದ್ದೀಯ. ಅಲ್ಲಿ ನಿಂತು ನಾನು ನಿನಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಬೂಟು ಹಾಕಿಕೊಳ್ಳುತ್ತಿದ್ದಾನೆ ಎಂದು ನಾನು ಹೇಳಲಿಲ್ಲ. ಕಾಫಿ ಕೊಡಲಿಲ್ಲ. ಅವನು ನಿನ್ನ ಹೆಸರೆತ್ತಲಿಲ್ಲ ಬರ್ನಿಸ್, ಅದನ್ನು ನಿನಗೋಸ್ಕರ ನಾನೇ ಸೇರಿಸಿದೆ. ನನ್ನನ್ನು ಕ್ಷಮಿಸು. ಅವನ ಕಣ್ಣು ನೋಡಿ ನನಗೆ ಏನೂ ತಿಳಿಯಲಿಲ್ಲ. ನಾನು ನೋಡಿದ್ದು ಆ ಕರಪತ್ರವನ್ನು. ನನ್ನ ಅಂಗಳದ ಫಲಕ ನೋಡಿ, ನನ್ನನ್ನು ಹಂಗಿಸಲು ಹಳೆಯದನ್ನು ಹುಡುಕಿ ತಂದಿದ್ದಾನೆ, ಸತ್ತ ಗಂಡನ ಹೆಸರು ಹಿಡಿದು ಆಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. "ಕಾರ್ಮೈನ್ ಸತ್ತ. ಸತ್ತು ಮೂರು ವರ್ಷ ಆಯ್ತು. ಈ ಹಲ್ಲುಕಿರಿಯೋನೂ ನೀನೂ ಸೇರಿ ಕೊಂದ್ರಿ. ಆ ಕಾಗದಾನ ತಗೊಂಡ್ಹೋಗಿ ಅವನ ಗೋರಿಗೆ ಅಂಟ್ಸು ಹೋಗು" ಎಂದು ಕಿರುಚಿದೆ.

ಅವನು ಆಗಷ್ಟೇ ಸುದ್ದಿ ಕೇಳಿದವನ ಹಾಗೆ ನಿಂತ. ಅವನು ಆಗಷ್ಟೇ ಕೇಳಿದ್ದು, ಈಗ ನನಗೆ ಗೊತ್ತು. "ಕಾರ್ಮೈನಾ? ನಮ್ಮ ಕಾರ್ಮೈನಾ?" ಎಂದ. "ನನಗ್ಯಾಕೆ ಯಾರೂ ಹೇಳ್ಲಿಲ್ಲ, ಫಿಲ್?" ನಾನು ಮುಖದ ಮೇಲೆ ಬಾಗಿಲು ಹಾಕಿದೆ.

ಪರದೆ ಸರಿಸಿ ನೋಡಿದೆ. ಅವನು ಹೋಗಲಿಲ್ಲ. ಟೋಪಿಯಿಂದ ಮುಖ ಒರೆಸಿಕೊಂಡು, ಮುಚ್ಚಿದ ಬಾಗಿಲಿನ ಹತ್ತಿರ ಬಂದು, ಒಳಗೆ ಕೇಳಿಸಲಿ ಎಂದು ಸ್ವಲ್ಪ ದನಿ ಎತ್ತಿ ಹೇಳಿದ: "ಸರಿ ಫಿಲ್. ಅವನ ಸಾಲೂ ನಾನೇ ಮುಗಿಸ್ತೀನಿ. ನೀನು ಅಳ್ಬೇಡ."

ಆಮೇಲೆ ಬೀದಿ ದಾಟಿದ. ಹಲಗೆ ಹೊಡೆದ, ಗಾಜು ಒಡೆದ ಆ ಮನೆಗಳ ಒಂದೊಂದರ ಮೆಟ್ಟಿಲನ್ನೂ ಹತ್ತಿದ. ಪ್ರತಿ ಬಾಗಿಲನ್ನೂ ತಟ್ಟಿ, ಟೋಪಿ ತೆಗೆದು, ಯಾರೋ ಬಂದು ನಿಂತಿದ್ದಾರೆ ಎನ್ನುವ ಹಾಗೆ ಏನೋ ಹೇಳಿ, ಕರಪತ್ರ ಸಿಕ್ಕಿಸಿ, ಮುಂದಿನ ಮನೆಗೆ ಹೋದ. ಒಂದನ್ನೂ ಬಿಡಲಿಲ್ಲ. ಕೊನೆಯ ಮನೆಯದನ್ನೂ ಸಿಕ್ಕಿಸಿ ಕೂತ. ಅಷ್ಟೂ ಹೊತ್ತು ನಾನು ಪರದೆ ಹಿಡಿದು ನೋಡುತ್ತಿದ್ದೆ. ನಿನಗೆ ಫೋನು ಮಾಡಬೇಕೆಂದು ನನಗೆ ಹೊಳೆಯಲೂ ಇಲ್ಲ.

ಅವನು ಕೊನೆಗೆ ಹೇಳಿದ ಮಾತು ಇದು: ನೀನು ಅಳ್ಬೇಡ. ನನಗೆ ಹೇಳಿದ್ದು. ನಾನು ಆಗ ಅಳುತ್ತಿರಲಿಲ್ಲ, ಬರ್ನಿಸ್.